ಕ್ಯಾನ್ಸರಿನ ಮೇಲೆ ವೈರಸ್ ಛೂ ಬಿಟ್ಟವರು

1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಏಷ್ಯಾದಲ್ಲಿ ಅದುವರೆಗೆ ಕಾಣಿಸದಿದ್ದ ಹಳದಿ ಜ್ವರ ಬಂದೇಬಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಗಾಬರಿಯಾದರು. ಆದರೆ ಸಿಕ್ಕಿದ್ದು ಹೊಸದೊಂದು ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಹರಡುವ ಮಿದುಳು ಜ್ವರದ ವೈರಸ್‌ಗೆ ಅದು ಹತ್ತಿರದ ನಂಟು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎಂದರು, ಹೊರಗಿನ ಪ್ರಪಂಚ ಕೆ.ಎಫ್.ಡಿ. ಎಂದು ಕರೆಯಿತು. ಇಷ್ಟು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆ ವೈರಸ್ ಲಂಡನ್ನಿನ ಕ್ಯಾನ್ಸರ್ ರೋಗಿಗಳ ಮೈಯೊಳಗೆ ಹೊಕ್ಕ ಕಥೆ ಮಾತ್ರ ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಅದು ತಾನಾಗಿ ಹೊಕ್ಕಿದ್ದಲ್ಲ, ವೈದ್ಯರೇ ಚುಚ್ಚಿದ್ದು. 1966ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್.ಇ. ವೆಬ್, ಗಾರ್ಡನ್ ಸ್ಮಿತ್ ಮತ್ತು ಸಂಗಡಿಗರ ಪ್ರಬಂಧವೊಂದಿದೆ. ರಕ್ತದ ಕ್ಯಾನ್ಸರ್ ಮತ್ತು ಅಂಥವೇ ಬೇರೆ ರೋಗಗಳಿಂದ ನರಳುತ್ತಿದ್ದ 28 ಜನರಿಗೆ ಅವರು ಎರಡು ವೈರಸ್‌ಗಳನ್ನು ಕೊಟ್ಟಿದ್ದರು. ಒಂದು ಮಲಯದ ಉಣುಗುಗಳಲ್ಲಿ ಸಿಕ್ಕಿದ್ದ ಲಂಗಾಟ್, ಇನ್ನೊಂದು ನಮ್ಮ ಕ್ಯಾಸನೂರಿನದು. ವೆಬ್ ಮಂಗನ ಕಾಯಿಲೆಯ ರೋಗಿಗಳನ್ನು ಹತ್ತಿರದಿಂದ ನೋಡಿ, ಲಕ್ಷ್ಮಣರಾವ್ ಅವರ ಜೊತೆ 1961ರಲ್ಲೇ ಅದರ ಬಗ್ಗೆ ಬರೆದಿದ್ದವರು. ಆ ಜ್ವರದಲ್ಲಿ ರಕ್ತದ ಬಿಳಿಕಣಗಳು ಕುಸಿಯುತ್ತವೆ. ರಕ್ತದ ಕ್ಯಾನ್ಸರಿನಲ್ಲಾದರೋ ಅದೇ ಬಿಳಿಕಣಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಒಂದನ್ನು ಇನ್ನೊಂದರ ಮೇಲೆ ಛೂ ಬಿಟ್ಟರೆ ಹೇಗೆ? ಬೇರೆ ದಾರಿಯೇ ಉಳಿಯದ ರೋಗಿಗಳ ಎದುರು ಕುಳಿತ ವೈದ್ಯರಿಗೆ ಈ ಪ್ರಶ್ನೆ ಅಸಂಬದ್ಧ ಎನಿಸಲಿಲ್ಲ. ಕೆಲವರಲ್ಲಿ ತಾತ್ಕಾಲಿಕ ಬದಲಾವಣೆ ಕಂಡಿತು, ಕೆಲವರಿಗೆ ಮಿದುಳಿನ ಉರಿಯೂತವಾಯಿತು. ರೋಗ ನಿಂತಿತು ಎಂದು ಹೇಳುವಂಥ ಫಲ ಯಾರಲ್ಲೂ ಉಳಿಯಲಿಲ್ಲ. ಪ್ರಯೋಗ ಅಲ್ಲಿಗೇ ಮುಗಿಯಿತು.

ವೆಬ್ ಹಿಡಿದದ್ದು ಹಳೆಯ ದಾರಿ. 1904ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾರ್ಜ್ ಡಾಕ್ ಎಂಬ ವೈದ್ಯರು, ರಕ್ತದ ಕ್ಯಾನ್ಸರ್ ಇದ್ದವರಿಗೆ ನಡುವೆ ಬೇರೆ ಸೋಂಕು ತಗುಲಿದರೆ ಏನಾಗುತ್ತದೆ ಎಂಬುದನ್ನು ಕಲೆಹಾಕಿ ಬರೆದರು. ಅದರಲ್ಲಿ 42 ವರ್ಷದ ಹೆಂಗಸೊಬ್ಬರ ಪ್ರಸಂಗವಿದೆ. ಫ್ಲೂ ಎಂದು ತೋರಿದ ಜ್ವರ ಬಂದ ಮೇಲೆ ಅವರ ಬಿಳಿಕಣಗಳ ಸಂಖ್ಯೆ ಪಾತಾಳಕ್ಕಿಳಿಯಿತು, ಊದಿಕೊಂಡಿದ್ದ ಗುಲ್ಮ ಕುಗ್ಗಿತು, ಸ್ವಲ್ಪ ಕಾಲದ ನಂತರ ರೋಗ ಮರಳಿ ಬಂತು. ಫ್ಲೂ ಬರಿಸುವುದು ಒಂದು ವೈರಸ್ ಎಂದು ಗೊತ್ತಾಗಲು ಆಗಿನ್ನೂ ಮೂರು ದಶಕ ಬಾಕಿ. 1912ರಲ್ಲಿ ಇಟಲಿಯ ದೆ ಪಾಚೆ, ನಾಯಿ ಕಚ್ಚಿದ್ದಕ್ಕೆ ರೇಬಿಸ್ ಲಸಿಕೆ ಹಾಕಿಸಿಕೊಂಡ ಮಹಿಳೆಯ ಗರ್ಭಕೊರಳಿನ ಗಡ್ಡೆ ಕರಗಿದ್ದನ್ನು ವರದಿ ಮಾಡಿದರು. ಇಂಥವು ವೈದ್ಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸೋಜಿಗಗಳಾಗಿಯೇ ಬಹುಕಾಲ ಉಳಿದವು. ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅಳೆದು, ಸೀಸೆಯಲ್ಲಿ ತುಂಬಿಡಲು ಬಾರದೆ ಯಾರೂ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಕೌಶಲ ಬಂತು. ಅದರೊಂದಿಗೆ ಇಂದು ಓದಿದರೆ ಮೈ ಜುಮ್ಮೆನ್ನುವ ಧೈರ್ಯವೂ ಬಂತು. 1949ರಲ್ಲಿ ಒಹಾಯೊದ ಹರ್ಮನ್ ಹೋಸ್ಟರ್, ಹಾಡ್ಜ್‌ಕಿನ್ ರೋಗ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ 22 ಜನರಿಗೆ ಕಾಮಾಲೆ ರೋಗಿಗಳಿಂದ ಪಡೆದ, ವೈರಸ್ ಇದ್ದ ದ್ರವವನ್ನು ಕೊಟ್ಟರು. ಕೆಲವರು ಕೆಲ ದಿನ ಸುಧಾರಿಸಿದರು, ಒಬ್ಬರು ಕಾಮಾಲೆಯಿಂದಲೇ ತೀರಿಕೊಂಡರು. ಅದೇ ಕಾಲಕ್ಕೆ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಆಲಿಸ್ ಮೂರ್, ರಷ್ಯಾದ ಮಿದುಳು ಜ್ವರದ ವೈರಸ್ ಇಲಿಯ ಗಡ್ಡೆಯೊಂದನ್ನು ಪೂರ್ತಿ ನಾಶ ಮಾಡುತ್ತದೆ ಎಂದು ತೋರಿಸಿದರು. ಗಡ್ಡೆ ಹೋದ ಇಲಿಗಳು ಮಿದುಳು ಜ್ವರದಿಂದ ಸತ್ತವು ಎಂಬುದು ಅದರ ಇನ್ನರ್ಧ.

ಮೂರ್ ಅವರ ಸಹೋದ್ಯೋಗಿ ಚೆಸ್ಟರ್ ಸೌದಮ್ ಇದನ್ನು ಮನುಷ್ಯರಿಗೆ ತಂದರು. ಕಡಿಮೆ ಅಪಾಯದ್ದು ಎಂದುಕೊಂಡು ಆರಿಸಿದ್ದು ವೆಸ್ಟ್ ನೈಲ್ ವೈರಸ್ಸಿನ ಈಜಿಪ್ಟ್ ತಳಿಯನ್ನು. ಬೇರಾವ ಚಿಕಿತ್ಸೆಗೂ ಬಗ್ಗದ ಹಂತದಲ್ಲಿದ್ದ 34 ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿ, 1952ರಲ್ಲಿ ಫಲಿತಾಂಶ ಪ್ರಕಟಿಸಿದರು. 27 ಜನರಿಗೆ ಸೋಂಕು ಹತ್ತಿತು. 14 ಜನರಲ್ಲಿ ವೈರಸ್ ಗಡ್ಡೆಯನ್ನೇ ಹುಡುಕಿಕೊಂಡು ಹೋಗಿ ಅಲ್ಲಿ ನೆಲೆಸಿತ್ತು. ನಾಲ್ವರ ಗಡ್ಡೆ ಕುಗ್ಗಿತು, ಐವರ ನರಮಂಡಲಕ್ಕೆ ಪೆಟ್ಟಾಯಿತು. (ಅರ್ಧ ಶತಮಾನದ ನಂತರ, 1999ರಲ್ಲಿ, ಇದೇ ವೆಸ್ಟ್ ನೈಲ್ ವೈರಸ್ ಸೊಳ್ಳೆಗಳ ಮೂಲಕ ಇದೇ ನ್ಯೂಯಾರ್ಕಿಗೆ ಬಂದು ಜನರನ್ನು ಕೊಂದಾಗ, ಅದನ್ನು ಒಂದು ಕಾಲಕ್ಕೆ ಔಷಧವೆಂದು ಚುಚ್ಚಿದ್ದು ಎಷ್ಟು ಜನರಿಗೆ ನೆನಪಿತ್ತೋ!)

ಸೌದಮ್ ಅವರ ಅಂಕಿಗಳಲ್ಲಿ ಮುಂದಿನ ಐವತ್ತು ವರ್ಷಗಳ ಸಮಸ್ಯೆಯೆಲ್ಲ ಅಡಗಿತ್ತು. ರೋಗಿಯ ದೇಹದಲ್ಲಿ ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ಒಂದೆರಡು ವಾರದಲ್ಲಿ ಪ್ರತಿಕಾಯಗಳು ಎದ್ದು ವೈರಸ್ಸನ್ನು ಗುಡಿಸಿ ಹಾಕುತ್ತವೆ. ಮೆತ್ತಗಾಗುತ್ತಿದ್ದ ಗಡ್ಡೆ ಮತ್ತೆ ಗಟ್ಟಿಯಾಗುತ್ತದೆ. ಆ ಶಕ್ತಿ ಕುಂದಿದ್ದರೆ ವೈರಸ್ ಗಡ್ಡೆಯಲ್ಲಿ ಹುಲುಸಾಗಿ ಬೆಳೆಯುತ್ತದೆ, ಆದರೆ ಅಲ್ಲಿಗೇ ನಿಲ್ಲದೆ ಮಿದುಳಿಗೂ ಹೋಗುತ್ತದೆ. ಹಾಗಾಗಿ ಆ ತಲೆಮಾರಿನವರಿಗೆಲ್ಲ ರೋಗಿಯ ರೋಗನಿರೋಧಕ ಶಕ್ತಿ ಒಂದು ಅಡ್ಡಿಯಾಗಿ ಕಂಡಿತು. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಗರ್ಭಕೊರಳಿನ ಕ್ಯಾನ್ಸರ್ ಇದ್ದ 30 ಮಹಿಳೆಯರಿಗೆ ಆಗಷ್ಟೇ ಪತ್ತೆಯಾಗಿದ್ದ ಅಡಿನೋ ವೈರಸ್ ಚುಚ್ಚಿದಾಗ, ಕೆಲವರಿಗೆ ರೋಗನಿರೋಧಕ ಶಕ್ತಿಯನ್ನು ಅದುಮಲೆಂದೇ ಸ್ಟೀರಾಯ್ಡ್ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ರೋಗಿಗಳ ಗಡ್ಡೆಯಲ್ಲಿ ಕೊಳೆತ ಭಾಗಗಳು ಕಂಡವು. ಯಾರ ಆಯುಷ್ಯವೂ ಗಮನಿಸುವಷ್ಟು ಹೆಚ್ಚಲಿಲ್ಲ.

ಅರವತ್ತರ ದಶಕದಲ್ಲಿ ಈ ಕೆಲಸಕ್ಕೆ ಮಂಕು ಕವಿಯಿತು. ರಾಸಾಯನಿಕ ಔಷಧಗಳು, ಅಂದರೆ ಕೀಮೋಥೆರಪಿ, ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ನಿಜವಾದ ಫಲ ತೋರಿಸುತ್ತಿದ್ದವು. ಅವುಗಳ ಡೋಸ್ ಅಳೆಯಬಹುದು, ನಿಲ್ಲಿಸಬೇಕೆಂದಾಗ ನಿಲ್ಲಿಸಬಹುದು. ಒಮ್ಮೆ ಬಿಟ್ಟ ವೈರಸ್ ಯಾರ ಮಾತು ಕೇಳುತ್ತದೆ? ಎರಡನೆಯ ಕಾರಣ ಸೌದಮ್ ತಾವೇ ಒದಗಿಸಿದರು. 1963ರಲ್ಲಿ ಬ್ರೂಕ್ಲಿನ್‌ನ ಯಹೂದಿ ದೀರ್ಘರೋಗಿಗಳ ಆಸ್ಪತ್ರೆಯಲ್ಲಿ 22 ವೃದ್ಧ ರೋಗಿಗಳ ಚರ್ಮದಡಿ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿಸಿದರು. ದೇಹ ಅವನ್ನು ಹೇಗೆ ಹೊರಹಾಕುತ್ತದೆ ಎಂದು ನೋಡುವುದು ಉದ್ದೇಶ. ಚುಚ್ಚಿದ್ದು ಕ್ಯಾನ್ಸರ್ ಕೋಶ ಎಂದು ರೋಗಿಗಳಿಗೆ ಹೇಳಿರಲಿಲ್ಲ. ಅದೇ ಆಸ್ಪತ್ರೆಯ ಮೂವರು ಕಿರಿಯ ವೈದ್ಯರು ಒಪ್ಪದೆ ರಾಜೀನಾಮೆ ಕೊಟ್ಟರು. ವಿಷಯ ಬಯಲಾಯಿತು, ವಿಚಾರಣೆ ನಡೆಯಿತು. ಸೌದಮ್ ಅವರಿಗಾದ ಶಿಕ್ಷೆ ಒಂದು ವರ್ಷದ ಪರೀಕ್ಷಾವಧಿ ಮಾತ್ರ. ಕೆಲವೇ ವರ್ಷಗಳಲ್ಲಿ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು! ಆದರೂ ರೋಗಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪ್ರಯೋಗ ಮಾಡಬಾರದೆಂಬ ನಿಯಮಗಳು ಬಿಗಿಯಾಗಲು ಈ ಪ್ರಕರಣವೂ ಒಂದು ಕಾರಣವಾಯಿತು. ಯಾವ ಕಟ್ಟಳೆಯೂ ಇಲ್ಲದ ಕಾಲದಲ್ಲಿ ಮಾತ್ರ ನಡೆಯಬಹುದಾಗಿದ್ದ ಚಿಕಿತ್ಸೆಗೆ ಬಾಗಿಲು ಮುಚ್ಚಿತು.

ಅಲ್ಲೊಂದು ಇಲ್ಲೊಂದು ಕಿಡಿ ಉಳಿದಿತ್ತು. 1971ರ ಲ್ಯಾನ್ಸೆಟ್‌ನಲ್ಲಿ ಉಗಾಂಡದಿಂದ ಬ್ಲೂಮಿಂಗ್ ಮತ್ತು ಜೀಗ್ಲರ್ ಎಂಬ ವೈದ್ಯರು ಎಂಟು ವರ್ಷದ ಹುಡುಗನ ಬಗ್ಗೆ ಬರೆದರು. ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿನಿಂದ ಅವನ ಕಣ್ಣಿನ ಸುತ್ತ ದೊಡ್ಡ ಗಡ್ಡೆಯಾಗಿತ್ತು. ಚಿಕಿತ್ಸೆ ಶುರುವಾಗುವ ಮೊದಲೇ ದಡಾರ ಬಂತು, ದಡಾರದ ಜೊತೆಗೇ ಗಡ್ಡೆ ಇಳಿಯಿತು. 1974ರಲ್ಲಿ ಜಪಾನಿನ ಅಸಾದಾ, ಮಂಗನಬಾವಿನ ವೈರಸ್ಸನ್ನು 90 ರೋಗಿಗಳಿಗೆ ಕೊಟ್ಟು 37 ಜನರಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತೆಂದು ವರದಿ ಮಾಡಿದರು. ಅಷ್ಟರಲ್ಲಿ ಅಮೆರಿಕ ಕ್ಯಾನ್ಸರ್ ವಿರುದ್ಧ ಸಮರ ಸಾರಿತ್ತು. ಆ ಸಮರದ ದುಡ್ಡಿನಲ್ಲಿ ದೊಡ್ಡ ಪಾಲು ಹೋದದ್ದು ಕ್ಯಾನ್ಸರ್ ಉಂಟುಮಾಡುವ ವೈರಸ್‌ಗಳ ಹುಡುಕಾಟಕ್ಕೆ. ವೈರಸ್ ಆಗ ಆರೋಪಿಯ ಕಟಕಟೆಯಲ್ಲಿತ್ತು. ಅದನ್ನು ವೈದ್ಯನನ್ನಾಗಿ ನೋಡುವ ವ್ಯವಧಾನ ಯಾರಿಗಿತ್ತು?

ಬಾಗಿಲು ಮತ್ತೆ ತೆರೆದದ್ದು 1991ರಲ್ಲಿ, ಒಬ್ಬ ಮಿದುಳಿನ ಶಸ್ತ್ರಚಿಕಿತ್ಸಕರಿಂದ. ಗ್ಲಿಯೊಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನ ಆಗಲೂ ಈಗಲೂ ಒಂದೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ. ರಾಬರ್ಟ್ ಮಾರ್ಟುಜಾ ಅಂಥವರ ತಲೆಬುರುಡೆ ತೆರೆದು ಗಡ್ಡೆ ತೆಗೆಯುತ್ತಿದ್ದವರು, ತೆಗೆದದ್ದು ಮರಳಿ ಬರುವುದನ್ನೂ ನೋಡುತ್ತಿದ್ದವರು. ಅವರ ಮುಂದೆ ಹಿಂದಿನವರಿಗೆ ಇರದಿದ್ದ ಒಂದು ಅನುಕೂಲವಿತ್ತು. ಸೌದಮ್ ಪ್ರಕೃತಿ ಕೊಟ್ಟ ವೈರಸ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. 1970ರ ದಶಕದಲ್ಲಿ ಜೀನ್ ಕತ್ತರಿಸಿ ಜೋಡಿಸುವ ವಿದ್ಯೆ ಬಂದ ಮೇಲೆ ವೈರಸ್ಸನ್ನೇ ಬೇಕಾದಂತೆ ತಿದ್ದಬಹುದಿತ್ತು. ಕುಲಾಂತರಿ ಬೆಳೆಗಳ ಬಗ್ಗೆ ನಾವು ಜಗಳವಾಡುವುದಕ್ಕೆ ಮುಂಚೆಯೇ ಕುಲಾಂತರಿ ವೈರಸ್‌ಗಳು ಪ್ರಯೋಗಾಲಯದಲ್ಲಿ ಮಾಮೂಲಾಗಿದ್ದವು.

ಮಾರ್ಟುಜಾ ಆರಿಸಿದ್ದು ಹರ್ಪಿಸ್ ವೈರಸ್, ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವಂಥದ್ದು. ತನ್ನ ಡಿಎನ್‌ಎ ಕಟ್ಟಿಕೊಳ್ಳಲು ಬೇಕಾದ ಕಿಣ್ವವೊಂದರ ಜೀನ್ ಅದರ ಬಳಿಯೇ ಇರುತ್ತದೆ. ಆ ಜೀನನ್ನು ಕಿತ್ತುಹಾಕಿದರೆ ವೈರಸ್ ಆ ಸರಕನ್ನು ಹೊಕ್ಕ ಕೋಶದಿಂದಲೇ ಕಡ ತರಬೇಕು. ಮಿದುಳಿನ ಆರೋಗ್ಯವಂತ ನರಕೋಶಗಳು ವಿಭಜನೆಯಾಗುವುದಿಲ್ಲ, ಹಾಗಾಗಿ ಅವುಗಳಲ್ಲಿ ಆ ಸರಕು ಇರುವುದಿಲ್ಲ. ದಿನವಿಡೀ ಒಡೆದು ಎರಡಾಗುವ ಕ್ಯಾನ್ಸರ್ ಕೋಶದಲ್ಲಿ ಬೇಕಾದಷ್ಟಿರುತ್ತದೆ. ಮನುಷ್ಯರ ಮಿದುಳಿನ ಗಡ್ಡೆ ಬೆಳೆಸಿದ ಇಲಿಗಳಿಗೆ ಈ ವೈರಸ್ ಚುಚ್ಚಿದಾಗ ಗಡ್ಡೆ ಕುಗ್ಗಿತು, ಇಲಿಗಳು ಹೆಚ್ಚು ದಿನ ಬದುಕಿದವು. ಸೈನ್ಸ್ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದಿಂದ ಈ ಚಿಕಿತ್ಸೆಯ ಹೊಸ ಯುಗ ಲೆಕ್ಕಕ್ಕೆ ಬರುತ್ತದೆ.

ಆ ಮೊದಲ ವೈರಸ್ಸಿನಲ್ಲಿ ಒಂದು ಎಡವಟ್ಟಿತ್ತು. ಹರ್ಪಿಸ್‌ಗೆ ಇರುವ ಒಳ್ಳೆಯ ಮದ್ದು ಅಸೈಕ್ಲೋವಿರ್. ಅದು ಕೆಲಸ ಮಾಡಲು ಕಿತ್ತುಹಾಕಿದ ಅದೇ ಕಿಣ್ವ ಬೇಕು. ಅಂದರೆ ವೈರಸ್ ಹತೋಟಿ ತಪ್ಪಿದರೆ ತಡೆಯುವ ಮದ್ದೂ ಕೈತಪ್ಪಿದಂತೆ. ಮಾರ್ಟುಜಾ ಮತ್ತು ಸ್ಯಾಮ್ಯುಯೆಲ್ ರಾಬ್ಕಿನ್ ತಂಡ 1995ರಲ್ಲಿ ಬೇರೆ ಎರಡು ಜೀನ್‌ಗಳನ್ನು ಕೆಡಿಸಿ ಜಿ207 ಎಂಬ ವೈರಸ್ ಮಾಡಿತು. ಅದರಲ್ಲೊಂದು ಗ್ಯಾಮಾ 34.5. ವೈರಸ್ ಒಳಬಂದದ್ದು ಗೊತ್ತಾದೊಡನೆ ಆರೋಗ್ಯವಂತ ಕೋಶ ತನ್ನ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ. ತಾನು ಸತ್ತರೂ ಸರಿ, ವೈರಸ್ ಬೆಳೆಯಬಾರದು ಎಂಬ ಹಟ. ಗ್ಯಾಮಾ 34.5 ಆ ಹಟವನ್ನು ಮುರಿಯುವ ಜೀನ್. ಅನೇಕ ಕ್ಯಾನ್ಸರ್ ಕೋಶಗಳು ಬೆಳೆಯುವ ಭರದಲ್ಲಿ ಈ ರಕ್ಷಣೆಯನ್ನು ಮೊದಲೇ ಕಳೆದುಕೊಂಡಿರುತ್ತವೆ. ಆದ್ದರಿಂದ ಆ ಜೀನ್ ಇಲ್ಲದ ವೈರಸ್ ಅಲ್ಲಿ ಮಾತ್ರ ಬೆಳೆಯಬಲ್ಲದು. ಗ್ಲಾಸ್ಗೋದಲ್ಲಿ ಮೊಯ್ರಾ ಬ್ರೌನ್ ಅವರ ತಂಡವೂ ಇದೇ ಜೀನ್ ತೆಗೆದ ವೈರಸ್ಸನ್ನು ಮಿದುಳಿನ ಗಡ್ಡೆಗಳಿಗೆ ಚುಚ್ಚಿ ನೋಡಿತು. ಜಿ207 ಪಡೆದ ಮೊದಲ 21 ರೋಗಿಗಳಲ್ಲಿ ಯಾರಿಗೂ ಹರ್ಪಿಸ್ ಮಿದುಳು ಜ್ವರ ಬರಲಿಲ್ಲ. ಸುರಕ್ಷತೆ ಸಿಕ್ಕಿತು. ಗುಣವಾದವರು ಮಾತ್ರ ಕಾಣಲಿಲ್ಲ. ಪಳಗಿಸುವ ಭರದಲ್ಲಿ ಹಲ್ಲನ್ನೂ ಕಿತ್ತುಬಿಟ್ಟೆವೇ ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕಥೆ ಭಾರಿ ಸದ್ದಿನೊಂದಿಗೆ ಆರಂಭವಾಗಿತ್ತು. ನಮ್ಮ ಕೋಶಗಳಲ್ಲಿ ಪಿ53 ಎಂಬ ಪ್ರೋಟೀನಿದೆ. ಕೋಶಕ್ಕೆ ಕೇಡಾದರೆ ಅದನ್ನು ಸಾಯಿಸುವುದು ಇದರ ಕೆಲಸ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ಅಡಿನೋ ವೈರಸ್ ಕೂಡ ಒಂದು ಕೋಶ ಹೊಕ್ಕೊಡನೆ ಇ1ಬಿ ಎಂಬ ಜೀನಿನ ಪ್ರೋಟೀನಿನಿಂದ ಪಿ53ಯ ಕೈಕಟ್ಟಿಹಾಕುತ್ತದೆ. ಓನಿಕ್ಸ್ ಕಂಪನಿಯ ಫ್ರಾಂಕ್ ಮೆಕ್‌ಕಾರ್ಮಿಕ್ ಈ ಎರಡನ್ನೂ ಸೇರಿಸಿ ಯೋಚಿಸಿದರು. ಆ ಜೀನ್ ಇಲ್ಲದ ಅಡಿನೋ ವೈರಸ್ ಆರೋಗ್ಯವಂತ ಕೋಶದಲ್ಲಿ ಪಿ53ಗೆ ಸೋಲಬೇಕು, ಪಿ53 ಇಲ್ಲದ ಕ್ಯಾನ್ಸರ್ ಕೋಶದಲ್ಲಿ ಗೆಲ್ಲಬೇಕು. ಅಂಥ ವೈರಸ್ಸನ್ನು ಹೊಸದಾಗಿ ಮಾಡುವ ಕೆಲಸವೂ ಇರಲಿಲ್ಲ. ಲಾಸ್ ಏಂಜಲೀಸಿನ ಆರ್ನಲ್ಡ್ ಬರ್ಕ್ ಬೇರೆ ಉದ್ದೇಶಕ್ಕೆ 1980ರ ದಶಕದಲ್ಲೇ ಅದನ್ನು ತಯಾರಿಸಿಟ್ಟಿದ್ದರು. ಓನಿಕ್ಸ್ 015 ಎಂಬ ಹೊಸ ಹೆಸರಿನಲ್ಲಿ 1996ರಲ್ಲಿ ಅದು ಸೈನ್ಸ್ ಪತ್ರಿಕೆಯ ಪುಟಗಳಿಗೂ ರೋಗಿಗಳ ಗಡ್ಡೆಗಳಿಗೂ ಒಟ್ಟಿಗೇ ಎಂಬಂತೆ ಬಂತು.

ಯೋಚನೆಯ ಅಂದಕ್ಕೆ ಮರುಳಾಗದವರು ಆಗ ಕಡಿಮೆ. ಆದರೆ ಕೆಲವೇ ತಿಂಗಳಲ್ಲಿ ಬೇರೆ ಪ್ರಯೋಗಾಲಯಗಳು ಅಡ್ಡಮಾತು ತೆಗೆದವು. ಪಿ53 ಸರಿಯಾಗಿರುವ ಕೆಲವು ಕ್ಯಾನ್ಸರ್ ಕೋಶಗಳಲ್ಲೂ ಈ ವೈರಸ್ ಬೆಳೆಯುತ್ತಿತ್ತು, ಇಲ್ಲದಿರುವ ಕೆಲವುಗಳಲ್ಲಿ ಬೆಳೆಯುತ್ತಿರಲಿಲ್ಲ. ಈ ವಾದ ವರ್ಷಗಟ್ಟಲೆ ನಡೆಯಿತು. ಇ1ಬಿ ಪ್ರೋಟೀನಿಗೆ ವೈರಸ್ಸಿನ ಸಂದೇಶಗಳನ್ನು ಕೋಶಕೇಂದ್ರದಿಂದ ಹೊರಗೆ ಸಾಗಿಸುವ ಇನ್ನೊಂದು ಕೆಲಸವೂ ಇದೆ, ಕ್ಯಾನ್ಸರ್ ಕೋಶಗಳು ಆ ಕೆಲಸವನ್ನು ತಾವೇ ಮಾಡಿಕೊಡುತ್ತವೆ, ವೈರಸ್ ಅಲ್ಲಿ ಬೆಳೆಯುವುದಕ್ಕೆ ಅದೇ ಕಾರಣ ಎಂದು 2004ರಲ್ಲಿ ತೋರಿಸಿದ ತಂಡದಲ್ಲಿ ಮೆಕ್‌ಕಾರ್ಮಿಕ್ ಅವರೂ ಇದ್ದರು. ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿ ಬರೆಯುವ ಈ ಗುಣ ವಿಜ್ಞಾನಿಗಳಲ್ಲಿ ಇರಬೇಕಾದದ್ದು, ಇರುವುದು ಕಡಿಮೆ.

ವಾದ ಏನೇ ಇರಲಿ, ರೋಗಿಗಳಲ್ಲಿ ಫಲ ಕಂಡಿತ್ತು. ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದವರಿಗೆ ಕೀಮೋಥೆರಪಿಯ ಜೊತೆ ಈ ವೈರಸ್ ಚುಚ್ಚಿದಾಗ 30 ಜನರಲ್ಲಿ 19 ಮಂದಿಯ ಗಡ್ಡೆ ಚೆನ್ನಾಗಿ ಕುಗ್ಗಿತೆಂದು 2000ದಲ್ಲಿ ವರದಿಯಾಯಿತು. ಆದರೆ ಆ ಹೊತ್ತಿಗೆ ಗಾಳಿ ತಿರುಗಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗವೊಂದರಲ್ಲಿ 18 ವರ್ಷದ ಯುವಕನೊಬ್ಬ ತೀರಿಕೊಂಡ. ಅವನಿಗಿದ್ದದ್ದು ಕ್ಯಾನ್ಸರ್ ಅಲ್ಲ, ಯಕೃತ್ತಿಗೆ ಸಂಬಂಧಿಸಿದ ಹುಟ್ಟುರೋಗ. ಆದರೆ ಜೀನ್ ಹೊತ್ತು ಹೋದ ವಾಹನ ಅಡಿನೋ ವೈರಸ್ಸೇ ಆಗಿತ್ತು. ಅಡಿನೋ ಎಂಬ ಹೆಸರು ಕೇಳಿದರೆ ಹೂಡಿಕೆದಾರರು ಹಿಂದೆ ಸರಿಯುವಂತಾಯಿತು. ಓನಿಕ್ಸ್‌ನ ಪಾಲುದಾರ ಕಂಪನಿಯನ್ನು ಫೈಜರ್ ಕೊಂಡುಕೊಂಡಿತು, ಫೈಜರ್‌ಗೆ ಈ ವೈರಸ್ಸಿನಲ್ಲಿ ಆಸಕ್ತಿ ಉಳಿಯಲಿಲ್ಲ. 2003ರಲ್ಲಿ ಓನಿಕ್ಸ್ ತಾನೂ ಕೈಬಿಟ್ಟು ಮಾತ್ರೆಗಳ ಕಡೆ ತಿರುಗಿತು.

ಶಾಂಘೈನ ಸನ್‌ವೇ ಎಂಬ ಕಂಪನಿ ಹೆಚ್ಚುಕಡಿಮೆ ಇಂಥದೇ ವೈರಸ್ಸನ್ನು ಎಚ್101 ಹೆಸರಿನಲ್ಲಿ ಮುಂದುವರಿಸುತ್ತಿತ್ತು. ಕೀಮೋಥೆರಪಿ ಒಂದನ್ನೇ ಪಡೆದವರಲ್ಲಿ ಸುಮಾರು ಶೇ. 40ರಷ್ಟು ಜನರ ಗಡ್ಡೆ ಕುಗ್ಗಿದರೆ, ಜೊತೆಗೆ ವೈರಸ್ಸನ್ನೂ ಪಡೆದವರಲ್ಲಿ ಅದು ಸುಮಾರು ಶೇ. 79. ಬದುಕಿನ ಅವಧಿ ಎಷ್ಟು ಹೆಚ್ಚಿತು ಎಂಬ ಪ್ರಶ್ನೆಗೆ ಉತ್ತರ ಬರುವವರೆಗೆ ಕಾಯದೆ, 2005ರ ನವೆಂಬರ್‌ನಲ್ಲಿ ಚೀನಾ ಅದಕ್ಕೆ ಪರವಾನಗಿ ಕೊಟ್ಟಿತು. ಕ್ಯಾನ್ಸರ್ ಕೊಲ್ಲಲೆಂದು ಜೀನ್ ತಿದ್ದಿದ ವೈರಸ್ಸೊಂದು ಜಗತ್ತಿನಲ್ಲಿ ಮೊದಲು ಔಷಧದಂಗಡಿಯ ಸರಕಾದದ್ದು ಹೀಗೆ, ಅದು ಹುಟ್ಟಿದ ದೇಶದಿಂದ ಸಾಗರದಾಚೆ.

ಇಲ್ಲಿಯವರೆಗೆ ಎಲ್ಲರ ಧ್ಯಾನ ಒಂದೇ: ವೈರಸ್ ಎಷ್ಟು ಕೋಶ ಕೊಲ್ಲುತ್ತದೆ? ಈ ಧ್ಯಾನವನ್ನು ಬದಲಿಸಿದ್ದು ಲಂಡನ್ನಿನ ರಾಬರ್ಟ್ ಕಾಫಿನ್. ನನ್ನ ಲೆಕ್ಕದಲ್ಲಿ ಇಡೀ ಇತಿಹಾಸದ ನಡುತಿರುವು ಇದೇ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಿಂದ 1999ರಲ್ಲಿ ಕವಲೊಡೆದ ಬಯೋವೆಕ್ಸ್ ಕಂಪನಿಯಲ್ಲಿ ಅವರ ತಂಡ ಮತ್ತೆ ಹರ್ಪಿಸ್ಸನ್ನೇ ಕೈಗೆತ್ತಿಕೊಂಡಿತು. ಪ್ರಯೋಗಾಲಯದಲ್ಲಿ ವರ್ಷಾನುಗಟ್ಟಲೆ ಬೆಳೆದು ಸೊರಗಿದ್ದ ತಳಿಗಳನ್ನು ಬಿಟ್ಟು, ತುಟಿಯ ಗುಳ್ಳೆಯಿಂದ ನೇರವಾಗಿ ತೆಗೆದ ಚುರುಕಾದ ತಳಿಯೊಂದನ್ನು ಆರಿಸಿತು. ಗ್ಯಾಮಾ 34.5 ಜೀನನ್ನು ಎಂದಿನಂತೆ ತೆಗೆದರು. ಆಮೇಲೆ ಮಾಡಿದ ಎರಡು ತಿದ್ದುಪಡಿಗಳಲ್ಲಿ ಹೊಸತನವಿತ್ತು. ಹರ್ಪಿಸ್ ತಾನು ಹೊಕ್ಕ ಕೋಶವನ್ನು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಮರೆಮಾಚುತ್ತದೆ, ಆ ಕೆಲಸ ಮಾಡುವ ಐಸಿಪಿ47 ಜೀನನ್ನು ಅವರು ಕಿತ್ತರು. ಜೊತೆಗೆ ಮನುಷ್ಯರದೇ ಒಂದು ಜೀನನ್ನು ಸೇರಿಸಿದರು. ಅದು ಜಿಎಂ-ಸಿಎಸ್ಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ರೋಗನಿರೋಧಕ ಕೋಶಗಳನ್ನು ಆ ಜಾಗಕ್ಕೆ ಕರೆಯುತ್ತದೆ.

ಸೌದಮ್ ಕಾಲದವರು ಸ್ಟೀರಾಯ್ಡ್ ಕೊಟ್ಟು ಮಲಗಿಸಲು ನೋಡಿದ್ದ ಶಕ್ತಿಯನ್ನೇ ಕಾಫಿನ್ ತಂಡ ಡಂಗುರ ಸಾರಿ ಎಬ್ಬಿಸಿತು. ವೈರಸ್ ಒಂದು ಗಡ್ಡೆಯನ್ನು ಒಡೆದರೆ ಕ್ಯಾನ್ಸರಿನ ಗುರುತುಗಳು ಹೊರಗೆ ಚೆಲ್ಲುತ್ತವೆ. ಬಂದ ಕಾವಲು ಕೋಶಗಳು ಆ ಗುರುತು ಹಿಡಿದು, ಸೂಜಿ ತಾಗದ ಗಡ್ಡೆಗಳನ್ನೂ ಹುಡುಕಿಕೊಂಡು ಹೋಗಬೇಕು. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಪ್ರಯೋಗಕ್ಕೆ ಆರಿಸಿದ್ದೂ ಜಾಣತನವೇ. ಆ ಗಡ್ಡೆಗಳಲ್ಲಿ ಅನೇಕವು ಚರ್ಮದಲ್ಲೇ ಇರುತ್ತವೆ, ಸೂಜಿಗೆ ಸಿಗುತ್ತವೆ, ಮೇಲಾಗಿ ರೋಗನಿರೋಧಕ ಶಕ್ತಿ ಕೆರಳಿದರೆ ಬಗ್ಗುವ ಸ್ವಭಾವದವು. 2011ರಲ್ಲಿ ಆಮ್ಜೆನ್ ಕಂಪನಿ ಬಯೋವೆಕ್ಸನ್ನು 42.5 ಕೋಟಿ ಡಾಲರ್ ಮುಂಗಡಕ್ಕೆ, ಗೆದ್ದರೆ ಒಟ್ಟು 100 ಕೋಟಿ ಡಾಲರ್‌ವರೆಗೆ ಕೊಡುವ ಕರಾರಿಗೆ ಕೊಂಡಿತು. ಎರಡು ವರ್ಷದ ನಂತರ ಅದೇ ಆಮ್ಜೆನ್ ಓನಿಕ್ಸನ್ನೂ ಕೊಂಡಿತು. ಆದರೆ ಆ ಸಾವಿರ ಕೋಟಿ ಡಾಲರ್ ಮೀರಿದ ಬೆಲೆ ಮಾತ್ರೆ ಮತ್ತು ಇಂಜೆಕ್ಷನ್‌ಗಳಿಗೆ. ವೈರಸ್ ಎಂದೋ ಶಾಂಘೈ ಸೇರಿತ್ತು.

ಅಂತಿಮ ಹಂತದ ಪ್ರಯೋಗದಲ್ಲಿ 436 ರೋಗಿಗಳಿದ್ದರು. ಕೆಲವರಿಗೆ ವೈರಸ್, ಉಳಿದವರಿಗೆ ಬರಿಯ ಜಿಎಂ-ಸಿಎಸ್ಎಫ್ ಪ್ರೋಟೀನು. ಆರು ತಿಂಗಳಿಗೂ ಹೆಚ್ಚು ಉಳಿದ ಪರಿಣಾಮ ವೈರಸ್ ಪಡೆದವರಲ್ಲಿ ಶೇ. 16.3, ಉಳಿದವರಲ್ಲಿ ಶೇ. 2.1. ಸೂಜಿ ಚುಚ್ಚಿದ ಗಡ್ಡೆಗಳಲ್ಲಿ ಶೇ. 64ರಷ್ಟು ಅರ್ಧಕ್ಕಿಂತ ಹೆಚ್ಚು ಕುಗ್ಗಿದವು. ಚುಚ್ಚದೆ ಬಿಟ್ಟ ಚರ್ಮದ ಮತ್ತು ದುಗ್ಧಗ್ರಂಥಿಯ ಗಡ್ಡೆಗಳಲ್ಲಿ ಶೇ. 34, ಒಳ ಅಂಗಗಳ ಗಡ್ಡೆಗಳಲ್ಲಿ ಶೇ. 15. ಡಂಗುರ ಕೇಳಿಸಿದ್ದು ನಿಜ, ಆದರೆ ದೂರ ಹೋದಂತೆ ಕ್ಷೀಣವಾಗಿತ್ತು. ಬದುಕಿದ ಅವಧಿಯ ಮಧ್ಯಾಂಕ ವೈರಸ್ ಪಡೆದವರಲ್ಲಿ 23.3 ತಿಂಗಳು, ಉಳಿದವರಲ್ಲಿ 18.9. ಈ ಅಂತರ ಕಾಕತಾಳೀಯವಲ್ಲ ಎನ್ನಲು ಸಂಖ್ಯಾಶಾಸ್ತ್ರದವರು ಎಳೆದಿರುವ ಗೆರೆ 0.05. ಇಲ್ಲಿ ಬಂದದ್ದು 0.051! ಕೂದಲೆಳೆಯ ಅಂತರ. ಅದರ ಮೇಲೆ ಎಷ್ಟು ಜಗಳವಾಗಬೇಕೋ ಅಷ್ಟೂ ಆಯಿತು. ಹೋಲಿಕೆಗೆ ಇಟ್ಟ ಮದ್ದೇ ದುರ್ಬಲ ಎಂಬ ಆಕ್ಷೇಪವೂ ಇತ್ತು, ಅದರಲ್ಲಿ ಹುರುಳೂ ಇತ್ತು. ಕೊನೆಗೆ ತಜ್ಞರ ಸಮಿತಿ 22 ಮತಗಳಿಂದ, ಒಂದೇ ವಿರೋಧದೊಂದಿಗೆ, ಒಪ್ಪಿಗೆ ಸೂಚಿಸಿತು. 2015ರ ಅಕ್ಟೋಬರ್ 27ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಇಮ್ಲಿಜಿಕ್ ಹೆಸರಿನ ಈ ವೈರಸ್‌ಗೆ ಪರವಾನಗಿ ಕೊಟ್ಟಿತು. ಒಟ್ಟು ಆಯುಷ್ಯ ಹೆಚ್ಚಿಸುವುದು ಸಾಬೀತಾಗಿಲ್ಲ ಎಂಬ ಮಾತನ್ನು ಔಷಧದ ವಿವರಪತ್ರದಲ್ಲೇ ಬರೆಸಿತು.

ಗೆಲುವು ತಡವಾಗಿ ಬಂದಿತ್ತು. ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲೇ ಮೆಲನೋಮಾದ ಚಿಕಿತ್ಸೆ ಬುಡಮೇಲಾಯಿತು. ರೋಗನಿರೋಧಕ ಕೋಶಗಳ ಮೇಲಿರುವ ಬ್ರೇಕನ್ನು ಸಡಿಲಿಸುವ ಇಪಿಲಿಮುಮ್ಯಾಬ್ 2011ರಲ್ಲಿ, ಪೆಂಬ್ರೊಲಿಜುಮ್ಯಾಬ್ 2014ರಲ್ಲಿ ಬಂದವು. ಅವನ್ನು ರಕ್ತನಾಳಕ್ಕೆ ಹನಿಸಿದರೆ ಸಾಕು, ಒಂದೊಂದೇ ಗಡ್ಡೆ ಹುಡುಕಿ ಚುಚ್ಚಬೇಕಿಲ್ಲ. ಹಾಗಾದರೆ ಎರಡನ್ನೂ ಕೂಡಿಸೋಣ, ವೈರಸ್ ಕರೆಯಲಿ, ಪೆಂಬ್ರೊ ಬ್ರೇಕ್ ಬಿಡಿಸಲಿ ಎಂದರು. 2017ರಲ್ಲಿ ಪ್ರಕಟವಾದ 21 ರೋಗಿಗಳ ಪ್ರಯೋಗದಲ್ಲಿ ಶೇ. 62ರಷ್ಟು ಜನರಲ್ಲಿ ಗಡ್ಡೆ ಕುಗ್ಗಿತು. ಕ್ಷೇತ್ರದಲ್ಲಿ ಹಬ್ಬದ ವಾತಾವರಣ. ಆಮೇಲೆ 692 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೆಂಬ್ರೊ ಜೊತೆ ವೈರಸ್, ಇನ್ನೊಂದಕ್ಕೆ ಪೆಂಬ್ರೊ ಜೊತೆ ಹುಸಿಮದ್ದು ಕೊಟ್ಟು ನೋಡಿದರು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಈ ಸೋಲಿನ ಹೊತ್ತಿಗೆ ಜಪಾನಿನಿಂದ ಇನ್ನೊಂದು ಸುದ್ದಿ ಬಂತು. ಮಾರ್ಟುಜಾ ಮತ್ತು ರಾಬ್ಕಿನ್ ಜೊತೆ ಅಮೆರಿಕದಲ್ಲಿ ದುಡಿದಿದ್ದ ತೊಮೊಕಿ ತೋದೊ, ಜಿ207ಕ್ಕೆ ಮೂರನೆಯ ತಿದ್ದುಪಡಿ ಸೇರಿಸಿ 2001ರಲ್ಲೇ ಜಿ47 ಡೆಲ್ಟಾ ಎಂಬ ವೈರಸ್ ಮಾಡಿದ್ದರು. ತೆಗೆದ ಮೂರನೇ ಜೀನ್ ಅದೇ ಐಸಿಪಿ47. ಟೋಕಿಯೊದಲ್ಲಿ ಗ್ಲಿಯೊಬ್ಲಾಸ್ಟೋಮಾ ಮರುಕಳಿಸಿದ ಅಥವಾ ಉಳಿದುಹೋದ 19 ರೋಗಿಗಳ ಮಿದುಳಿಗೆ ಅದನ್ನು ಆರು ಬಾರಿಯವರೆಗೆ ಚುಚ್ಚಿದರು. ಒಂದು ವರ್ಷದ ನಂತರ ಬದುಕಿದ್ದವರು ಶೇ. 84.2. ಹೋಲಿಸಲು ಎದುರು ಗುಂಪು ಇರಲಿಲ್ಲ, ಹಳೆಯ ದಾಖಲೆಗಳ ಅಂಕಿಗಳನ್ನೇ ಎದುರಿಗಿಟ್ಟುಕೊಂಡರು. ಅಷ್ಟರ ಮೇಲೆ ಜಪಾನ್ 2021ರ ಜೂನ್‌ನಲ್ಲಿ ಷರತ್ತಿನ, ಅವಧಿ ಗೊತ್ತುಪಡಿಸಿದ ಪರವಾನಗಿ ಕೊಟ್ಟಿತು. 1991ರಲ್ಲಿ ಇಲಿಯ ಮೇಲೆ ಶುರುವಾದ ಯೋಚನೆ ಮಿದುಳಿನ ಕ್ಯಾನ್ಸರ್ ರೋಗಿಯನ್ನು ಔಷಧವಾಗಿ ಮುಟ್ಟಲು ಮೂವತ್ತು ವರ್ಷ ಹಿಡಿಯಿತು.

ಸೂಜಿಯ ಮಿತಿಯನ್ನು ದಾಟಲು ಹೊರಟವರೂ ಇದ್ದಾರೆ. ಮೇಯೊ ಕ್ಲಿನಿಕ್‌ನ ಸ್ಟೀಫನ್ ರಸೆಲ್ ದಡಾರದ ಲಸಿಕೆಯ ವೈರಸ್ಸಿಗೆ ಹೊಸ ಜೀನೊಂದನ್ನು ಸೇರಿಸಿ, ಅದು ಎಲ್ಲಿ ಬೆಳೆಯುತ್ತಿದೆ ಎಂಬುದು ಸ್ಕ್ಯಾನ್‌ನಲ್ಲಿ ಕಾಣುವಂತೆ ಮಾಡಿದರು. 2013ರಲ್ಲಿ ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರ ರಕ್ತಕ್ಕೆ ಒಂದು ಕೋಟಿ ಜನರಿಗೆ ಲಸಿಕೆ ಹಾಕಬಹುದಾದಷ್ಟು ವೈರಸ್ಸನ್ನು ಒಂದೇ ಸಲ ಹರಿಸಿದರು. ಗಡ್ಡೆಗಳು ಕರಗಿದವು, ತಿಂಗಳುಗಳ ಕಾಲ ರೋಗ ಕಾಣಲಿಲ್ಲ. ಆದರೆ ಆ ರೋಗಿಯ ರಕ್ತದಲ್ಲಿ ದಡಾರದ ಪ್ರತಿಕಾಯಗಳು ಇರಲಿಲ್ಲವೆನ್ನುವಷ್ಟು ಕಡಿಮೆ ಇದ್ದವು. ಬಾಲ್ಯದಲ್ಲಿ ಲಸಿಕೆ ಹಾಕಿಸಿಕೊಂಡ, ಇಲ್ಲವೇ ದಡಾರ ಬಂದು ಹೋದ ಬಹುಪಾಲು ಜನರಲ್ಲಿ ಹಾಗಿರುವುದಿಲ್ಲ. ಅವರ ರಕ್ತಕ್ಕೆ ಬಿಟ್ಟ ವೈರಸ್ ಗಡ್ಡೆ ತಲುಪುವ ಮೊದಲೇ ಸಿಕ್ಕಿಬೀಳುತ್ತದೆ. ಪರವಾನಗಿ ಪಡೆದಿರುವ ಹರ್ಪಿಸ್ ವೈರಸ್‌ಗಳೆರಡೂ ನೇರವಾಗಿ ಗಡ್ಡೆಗೇ ಹೋಗುವುದು ಇದೇ ಕಾರಣಕ್ಕೆ.

ಕಾಫಿನ್ ಈ ನಡುವೆ ರೆಪ್ಲಿಮ್ಯೂನ್ ಎಂಬ ಹೊಸ ಕಂಪನಿ ಕಟ್ಟಿದ್ದರು. ಅಲ್ಲಿ ಮಾಡಿದ ಆರ್‌ಪಿ1 ಎಂಬ ಹರ್ಪಿಸ್, ಅಕ್ಕಪಕ್ಕದ ಕೋಶಗಳನ್ನು ಒಂದಕ್ಕೊಂದು ಬೆಸೆದು ಸಾಯಿಸುವ ಇನ್ನೊಂದು ಜೀನನ್ನೂ ಹೊತ್ತಿದೆ. ಬ್ರೇಕ್ ಬಿಡಿಸುವ ಔಷಧಗಳಿಗೆ ಬಗ್ಗದ ಮೆಲನೋಮಾ ಇದ್ದ 140 ರೋಗಿಗಳಿಗೆ ಅಂಥದೇ ಔಷಧದ ಜೊತೆ ಇದನ್ನು ಕೊಟ್ಟಾಗ ಮೂವರಲ್ಲಿ ಒಬ್ಬರಿಗೆ ಫಲ ಕಂಡಿತು. ಇಲ್ಲೂ ಎದುರು ಗುಂಪಿರಲಿಲ್ಲ. ಒಮ್ಮೆ ಸೋತ ಔಷಧವನ್ನೇ ಇನ್ನೊಮ್ಮೆ ಕೊಟ್ಟರೆ ಇಷ್ಟು ಜನರಲ್ಲಿ ಫಲ ಕಾಣುವುದು ಅಸಾಧ್ಯ, ಹಾಗಾಗಿ ಇದು ವೈರಸ್ಸಿನದೇ ಕೆಲಸ ಎಂದು ಕಂಪನಿಯವರು ವಾದಿಸಿದರು. 2025ರ ಜುಲೈನಲ್ಲಿ ಎಫ್.ಡಿ.ಎ. ಅದನ್ನು ಒಪ್ಪದೆ ಪರವಾನಗಿಯ ಅರ್ಜಿಯನ್ನು ಹಿಂದಿರುಗಿಸಿತು. ಹೋಲಿಕೆಯಿಲ್ಲದ ಇಂಥ ಪ್ರಯೋಗದಿಂದ ಯಾವುದರ ಪಾಲೆಷ್ಟು ಎಂದು ಹೇಳಲಾಗದು ಎಂಬುದು ಅವರ ಮಾತಿನ ಸಾರ. ಎರಡೇ ತಿಂಗಳು ಕೈಯಲ್ಲಿರುವ ರೋಗಿಗೆ ಈ ಮಾತು ಕ್ರೂರವಾಗಿ ಕೇಳಿಸುತ್ತದೆ. ಆದರೂ 21 ಜನರಲ್ಲಿ ಮಿಂಚಿದ್ದು 692 ಜನರಲ್ಲಿ ಮಂಕಾದದ್ದನ್ನು ಕಂಡವರು ಬೇರೆ ಹೇಗೆ ತೀರ್ಮಾನಿಸಬೇಕಿತ್ತು ಎಂದು ನನಗೆ ತೋಚುವುದಿಲ್ಲ. ಸುಮಾರು 400 ರೋಗಿಗಳನ್ನು ಎರಡು ಗುಂಪಾಗಿಸಿ ನೋಡುವ ಪ್ರಯೋಗವನ್ನು ಕಂಪನಿ ಅಷ್ಟರಲ್ಲಾಗಲೇ ಶುರುಮಾಡಿತ್ತು.